ಡಬ್ಬಿಯೊಳಗಿನ ಜೀವಿಯ ಜಾತಕ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಡಬ್ಬಿ ಇಟ್ಟಿದ್ದೇನೆ. ಹಿಂದಿನ ಸಾಲಿನವರಿಗೆ ಕಾಣಿಸಲಿಕ್ಕಿಲ್ಲ. ಒಳಗಿರುವುದು ಮಾಸಲು ಬಿಳಿ ಪುಡಿ. ಗಿಡಗಳಿಗೆ ಬೂದಿ ರೋಗ, ಎಲೆಚುಕ್ಕೆ ರೋಗ ಬಾರದ ಹಾಗೆ ನೀರಲ್ಲಿ ಕಲಸಿ ಸಿಂಪಡಿಸುವ ಪುಡಿ. ನೋಡೋಕೆ ಹಿಟ್ಟಿನ ಹಾಗಿದೆ. ಆದರೆ ಇದರ ಒಂದೊಂದು ಗ್ರಾಂನಲ್ಲೂ ನೂರಾರು ಕೋಟಿ ಬ್ಯಾಕ್ಟೀರಿಯಾ ಮಲಗಿವೆ. ನೀರು, ಒಂಚೂರು ಆಹಾರ ಸಿಕ್ಕರೆ ಸಾಕು, ಎದ್ದು ಕೂರುತ್ತವೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ ಇದೂ ಕೂಡ ಪುಡಿ ಅನ್ನಿಸಿದರೂ ಬರೀ ಪುಡಿಯಲ್ಲ. ಇದನ್ನು ಮಾರಬೇಕಾದರೆ ಸರ್ಕಾರಿ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಬೇಕು. ಅಂಥ ಪರಿಶೀಲನೆಯ ಫೈಲು ಓದುವುದು ನನ್ನ ಕೆಲಸ. ಬೇಸರದ ಕೆಲಸ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅರ್ಧ ನಿಜ.

ಲೇಬಲ್ ನೋಡುವವರ ಕಣ್ಣು ಮೊದಲು ದೊಡ್ಡ ಅಕ್ಷರಕ್ಕೆ ಹೋಗುತ್ತದೆ. 'ಜೈವಿಕ', 'ಸಹಜ', 'ಪರಿಸರಸ್ನೇಹಿ'. ನನ್ನ ಕಣ್ಣು ಹೋಗುವುದು ಬ್ಯಾಕ್ಟೀರಿಯಾ ಹೆಸರಿನ ಬಾಲಕ್ಕೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಗುರುತು ಇರುತ್ತದೆ. ಕ್ಯೂಎಸ್‌ಟಿ 713, ಡಿ747, ಕೆ84, ಹೀಗೆ. ಅದು ತಳಿಯ ಗುರುತು, ಅಂದರೆ ಒಂದೇ ಪ್ರಭೇದದೊಳಗೆ ಇದು ಯಾವ ವಂಶದ್ದು ಎಂದು ಹೇಳುವ ಗುರುತು. ಇವತ್ತು ನಾನು ಹೇಳೋದೆಲ್ಲ ಆ ಬಾಲದ ಬಗ್ಗೆಯೇ.

ಕ್ಯೂಎಸ್‌ಟಿ 713ನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಒಂದು ಪೀಚ್ ತೋಟದ ಮಣ್ಣಿನಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ಅದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, 2000ದಲ್ಲಿ ಅದನ್ನು ನೋಂದಾಯಿಸಿತು. ಆಗ ಅದರ ಹೆಸರು ಬ್ಯಾಸಿಲಸ್ ಸಬ್ಟಿಲಿಸ್. ಮುಂದೆ ಯುರೋಪಿನ ಪಟ್ಟಿಯಲ್ಲಿ ಅದು ಬ್ಯಾಸಿಲಸ್ ಅಮಿಲೋಲಿಕ್ವಿಫೇಸಿಯೆನ್ಸ್ ಆಯಿತು, ಪಕ್ಕದಲ್ಲಿ 'ಹಿಂದೆ ಸಬ್ಟಿಲಿಸ್' ಅನ್ನುವ ಟಿಪ್ಪಣಿ ಸಮೇತ. ಈಗಿನ ವಿಜ್ಞಾನಿಗಳನ್ನು ಕೇಳಿದರೆ ಎರಡೂ ಅಲ್ಲ, ಅದು ಬ್ಯಾಸಿಲಸ್ ವೆಲೆಜೆನ್ಸಿಸ್ ಅನ್ನುತ್ತಾರೆ. ಸ್ಪೇನಿನ ವೆಲೆಜ್ ನದಿಯ ಹೆಸರಿಂದ ಬಂದ ಪದ. ಆ ಪ್ರಭೇದವನ್ನು ಮೊದಲು ವಿವರಿಸಿದ್ದೇ 2005ರಲ್ಲಿ. ಅಂದರೆ ನೋಂದಣಿ ಆದಾಗ ಈ ಜೀವಿಯ ಸರಿಯಾದ ಹೆಸರು ಇನ್ನೂ ಹುಟ್ಟಿರಲಿಲ್ಲ!

ಒಂದೇ ಡಬ್ಬಿ, ಮೂರು ಹೆಸರು. ಜೀವಿ ಬದಲಾಗಿಲ್ಲ, ನಾವು ಅದನ್ನು ಇಡುವ ಗೂಡು ಬದಲಾಗಿದೆ. ಹಾಗಾಗಿ ಪರಿಶೀಲಕರು ಪ್ರಭೇದದ ಹೆಸರನ್ನು ನಂಬಿ ಕೂರುವುದಿಲ್ಲ. ತಳಿಯ ಒಂದು ಮಾದರಿಯನ್ನು ಮಾನ್ಯತೆ ಇರುವ ಸೂಕ್ಷ್ಮಜೀವಿ ಸಂಗ್ರಹಾಲಯದಲ್ಲಿ ಠೇವಣಿ ಇಡಿ ಅನ್ನುತ್ತಾರೆ. ನಾಳೆ ಏನೇ ತಕರಾರು ಬಂದರೂ ಆ ಶೀಶೆ ತೆಗೆದು ಹೋಲಿಸಬಹುದು. ಈಗಂತೂ ಪೂರ್ತಿ ಜೀನೋಮ್, ಅಂದರೆ ಜೀವಿಯ ಅಷ್ಟೂ ಡಿಎನ್‌ಎ, ಓದಿಸಿ ಕೊಡಬೇಕೆಂದು ಕೇಳುವುದು ಜಾಸ್ತಿಯಾಗಿದೆ. ಜಾತಕ ಬಿಚ್ಚಿ ಮುಂದಿಡು ಅಂದ ಹಾಗೆ.

ಇಷ್ಟೆಲ್ಲ ಯಾಕೆ, ಮಣ್ಣಲ್ಲಿ ಇರುವ ಜೀವಿ ತಾನೆ, ಎಂದು ನೀವು ಕೇಳಬಹುದು. ಅದಕ್ಕೆ ನಾನು ಯಾವಾಗಲೂ ಹೇಳುವ ಕಥೆ ಒಂದಿದೆ.

1950ರಲ್ಲಿ ವಾಲ್ಟರ್ ಬರ್ಕ್‌ಹೋಲ್ಡರ್ ಎಂಬ ಅಮೆರಿಕದ ಸಸ್ಯರೋಗ ತಜ್ಞರು ಈರುಳ್ಳಿ ಕೊಳೆಸುವ ಒಂದು ಬ್ಯಾಕ್ಟೀರಿಯಾವನ್ನು ವಿವರಿಸಿದರು. ಅದಕ್ಕೆ ಈಗ ಅವರದೇ ಹೆಸರು: ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ. ಈರುಳ್ಳಿಯ ಲ್ಯಾಟಿನ್ ಹೆಸರು ಸೆಪಾ, ಅದರಿಂದ ಸೆಪೇಸಿಯಾ. ಮುಂದೆ ನೋಡಿದರೆ ಇದರ ಕೆಲವು ತಳಿಗಳು ಸಸಿ ಕೊಳೆಸುವ ಶಿಲೀಂಧ್ರಗಳನ್ನು ಚೆನ್ನಾಗಿ ತಡೆಯುತ್ತಿದ್ದವು. ಬೇರಿನ ಸುತ್ತ ಸಲೀಸಾಗಿ ನೆಲೆಸುತ್ತಿದ್ದವು. 1990ರ ದಶಕದಲ್ಲಿ ಅಮೆರಿಕದಲ್ಲಿ ಅಂಥ ತಳಿಗಳು ನೋಂದಣಿಯಾಗಿ ಮಾರುಕಟ್ಟೆಗೂ ಬಂದವು.

ಅದೇ ಹೊತ್ತಿಗೆ ಆಸ್ಪತ್ರೆಗಳಲ್ಲಿ ಬೇರೆ ಕಥೆ ನಡೆಯುತ್ತಿತ್ತು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ ಇರುವವರ ಶ್ವಾಸಕೋಶದಲ್ಲಿ ಸೆಪೇಸಿಯಾ ಸೇರಿಕೊಂಡು ಕೆಲವರ ಜೀವ ತೆಗೆಯುತ್ತಿತ್ತು. ಹೆಚ್ಚಿನ ಆಂಟಿಬಯೋಟಿಕ್‌ಗಳಿಗೆ ಅದು ಜಗ್ಗುತ್ತಲೂ ಇರಲಿಲ್ಲ. ಹೊಲದ ತಳಿ ಬೇರೆ, ಆಸ್ಪತ್ರೆಯ ತಳಿ ಬೇರೆ ಎಂದು ಖಚಿತವಾಗಿ ಗೆರೆ ಎಳೆಯಲು ಯಾರಿಂದಲೂ ಆಗಲಿಲ್ಲ. ಸೆಪೇಸಿಯಾ ಅಂದುಕೊಂಡದ್ದು ಒಂದು ಪ್ರಭೇದವೇ ಅಲ್ಲ, ಹತ್ತಿರದ ನೆಂಟರ ಒಂದು ಗುಂಪು ಅಂತ ಆಮೇಲೆ ಗೊತ್ತಾಯಿತು. 1999ರಲ್ಲಿ ಇಪಿಎ ತನ್ನ ವಿಜ್ಞಾನ ಸಲಹಾ ಸಮಿತಿಯ ಮುಂದೆ ಈ ವಿಷಯ ಇಟ್ಟಿತು. ನೋಂದಣಿಗಳು ಹಿಂದಕ್ಕೆ ಹೋದವು. 2003ರಲ್ಲಿ ಆ ಗುಂಪಿನ ಹೊಸ ಬಳಕೆಗಳ ಮೇಲೆ ಇಪಿಎ ಒಂದು ನಿಯಮವನ್ನೇ ತಂದಿತು.

ಇದರಲ್ಲಿ ಕಂಪನಿಗಳನ್ನು ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಆ ಬ್ಯಾಕ್ಟೀರಿಯಾ ನಿಜಕ್ಕೂ ಮಣ್ಣಿನದೇ, ನಿಜಕ್ಕೂ ಗಿಡ ಕಾಯುತ್ತಿತ್ತು. 'ಸಹಜ' ಅನ್ನುವುದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮಾತಿನಿಂದ ಯಾರ ಶ್ವಾಸಕೋಶವೂ ಉಳಿಯಲಿಲ್ಲ, ಅಷ್ಟೇ.

ಉಲ್ಟಾ ಕಥೆಯೂ ಇದೆ. ಸೇಬು, ಪೇರ್ ಗಿಡಗಳಿಗೆ ಫೈರ್ ಬ್ಲೈಟ್ ಎಂಬ ರೋಗ ಬರುತ್ತದೆ. ರೋಗಾಣು ಹೂವಿನ ಶಲಾಕಾಗ್ರದ ಮೇಲೆ, ಅಂದರೆ ಪರಾಗ ಅಂಟಿಕೊಳ್ಳುವ ಆ ಪುಟ್ಟ ತುದಿಯ ಮೇಲೆ, ಮೊದಲು ಬೆಳೆದು ಆಮೇಲೆ ಒಳಗೆ ಇಳಿಯುತ್ತದೆ. ಪ್ಯಾಂಟೋಯಾ ಅಗ್ಲೊಮೆರಾನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಹೂವರಳುವಾಗಲೇ ಸಿಂಪಡಿಸಿದರೆ ಅದು ಮೊದಲೇ ಸೀಟು ಹಿಡಿದು ಕೂರುತ್ತದೆ. ರೋಗಾಣುವಿಗೆ ಜಾಗವೂ ಇಲ್ಲ, ಊಟವೂ ಇಲ್ಲ. ಆದರೆ ಆಸ್ಪತ್ರೆ ದಾಖಲೆಗಳಲ್ಲೂ ಅದೇ ಹೆಸರು ಇತ್ತು. ಮುಳ್ಳು ಚುಚ್ಚಿದ ಗಾಯದಲ್ಲಿ ಸಿಕ್ಕಿತು, ರಕ್ತದಲ್ಲಿ ಸಿಕ್ಕಿತು ಎಂದು. ಹಾಗಾಗಿ ಯುರೋಪಿನಲ್ಲಿ ಅದರ ದಾರಿ ಕಷ್ಟವಾಯಿತು. ಆಮೇಲೆ ಡಿಎನ್‌ಎ ಹಿಡಿದು ಕೂತು ನೋಡಿದಾಗ, ಆಸ್ಪತ್ರೆಗಳು ಆ ಹೆಸರಲ್ಲಿ ಕೂಡಿಟ್ಟಿದ್ದ ಮಾದರಿಗಳಲ್ಲಿ ಎಷ್ಟೋ ಬೇರೆಯೇ ಬ್ಯಾಕ್ಟೀರಿಯಾ ಎಂದು ತಿಳಿಯಿತು. ಯಾರದೋ ತಪ್ಪಿಗೆ ಯಾರಿಗೋ ಶಿಕ್ಷೆ.

ಸರಿ, ಜಾತಕ ಆಯಿತು. ಈಗ ಡಬ್ಬಿಯೊಳಗೆ ಎಷ್ಟಿದೆ ಅಂತ ನೋಡೋಣ.

ರಾಸಾಯನಿಕವಾದರೆ ಶೇಕಡಾ ಇಷ್ಟು ಅಂತ ತೂಕದಲ್ಲಿ ಹೇಳಬಹುದು. ಬ್ಯಾಕ್ಟೀರಿಯಾವನ್ನು ತೂಗಿ ಏನು ಪ್ರಯೋಜನ? ಸತ್ತದ್ದಕ್ಕೂ ತೂಕ ಇರುತ್ತದೆ. ಎಣಿಸಬೇಕು. ಎಣಿಸುವ ವಿಧಾನ ನೂರು ವರ್ಷಕ್ಕಿಂತ ಹಳೆಯದು, ಇನ್ನೂ ಅದೇ ನಡೆಯುತ್ತಿದೆ. ಒಂದು ಗ್ರಾಂ ಪುಡಿಯನ್ನು ಒಂಬತ್ತು ಮಿಲಿ ನೀರಿಗೆ ಹಾಕಿ ಕಲಕಿ. ಅದರಿಂದ ಒಂದು ಮಿಲಿ ತೆಗೆದು ಇನ್ನೊಂದು ಒಂಬತ್ತು ಮಿಲಿಗೆ. ಹೀಗೆ ಏಳು ಕೊಳವೆ. ಕೊನೆಯ ಕೊಳವೆಯಿಂದ 0.1 ಮಿಲಿ ತೆಗೆದು ಅಗರ್ ತಟ್ಟೆಯ ಮೇಲೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಪದಾರ್ಥದ ತಟ್ಟೆಯ ಮೇಲೆ, ಸವರಿ ಒಂದು ರಾತ್ರಿ ಬೆಚ್ಚಗಿಡಿ. ಬೆಳಗ್ಗೆ ನೋಡಿದರೆ ಅಂಚು ಸುಕ್ಕುಗಟ್ಟಿದ ಮಂಕು ಬಿಳಿ ಚುಕ್ಕೆಗಳು. 52 ಚುಕ್ಕೆ ಇವೆ ಅನ್ನಿ. ಲೆಕ್ಕ ಹಿಂದಕ್ಕೆ ಹಾಕಿದರೆ ಒಂದು ಗ್ರಾಂಗೆ 520 ಕೋಟಿ. ಪ್ರತಿ ಚುಕ್ಕೆಯೂ ಬದುಕಿದ್ದ ಒಂದು ಬ್ಯಾಕ್ಟೀರಿಯಾದಿಂದ, ಇಲ್ಲವೇ ಒಟ್ಟಿಗೆ ಅಂಟಿಕೊಂಡಿದ್ದ ಒಂದು ಗೊಂಚಲಿನಿಂದ, ಹುಟ್ಟಿದ ಸಂಸಾರ. ಲೇಬಲ್ಲಿನಲ್ಲಿ 'ಸಿಎಫ್‌ಯು' ಅಂತ ಬರೆದಿರುವುದು ಇದನ್ನೇ.

ಒಂದು ಸಲ ಎಣಿಸಿದರೆ ಸಾಲದು. ಸಾಮಾನ್ಯವಾಗಿ ಬೇರೆ ಬೇರೆ ಸಲ ತಯಾರಿಸಿದ ಐದು ಬ್ಯಾಚ್‌ಗಳ ಲೆಕ್ಕ ಕೇಳುತ್ತಾರೆ. ಡಬ್ಬಿಯಲ್ಲಿ ಕರೆಯದೇ ಬಂದ ಅತಿಥಿಗಳು ಇದ್ದಾರಾ ಎಂದೂ ನೋಡುತ್ತಾರೆ. ಹುದುಗಿಸುವ ತೊಟ್ಟಿಯಲ್ಲಿ ಕೊಡುವ ಪೌಷ್ಟಿಕ ಊಟ ಎಲ್ಲರಿಗೂ ಇಷ್ಟ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾಗೂ ಇಷ್ಟ. ನನ್ನ ಅನುಭವದಲ್ಲಿ ಫೈಲುಗಳು ಎಡವುವುದು ದೊಡ್ಡ ವಿಜ್ಞಾನದ ಪ್ರಶ್ನೆಗಳಲ್ಲಲ್ಲ, ಇಲ್ಲಿ. ಮೂರನೇ ಬ್ಯಾಚಿನ ಎಣಿಕೆ ಉಳಿದ ನಾಲ್ಕರ ಹತ್ತನೇ ಒಂದು ಭಾಗ ಇರುತ್ತದೆ, ಪಕ್ಕದಲ್ಲಿ ಒಂದು ಸಾಲಿನ ವಿವರಣೆಯೂ ಇರುವುದಿಲ್ಲ.

ಇನ್ನೊಂದು ಸಿಕ್ಕು ಇದೆ. ಈ ಬ್ಯಾಸಿಲಸ್ ತಳಿಗಳು ತೊಟ್ಟಿಯಲ್ಲಿ ಬೆಳೆಯುವಾಗಲೇ ಸೋಪಿನಂಥ ಕೆಲವು ವಸ್ತುಗಳನ್ನು ಸ್ರವಿಸುತ್ತವೆ. ಇಟುರಿನ್, ಫೆಂಜೈಸಿನ್, ಸರ್ಫ್ಯಾಕ್ಟಿನ್ ಎಂದು ಹೆಸರು. ಶಿಲೀಂಧ್ರದ ಕೋಶದ ಪೊರೆಯಲ್ಲಿ ತೂತು ಮಾಡುವ ಕೆಲಸದ ದೊಡ್ಡ ಪಾಲು ಇವುಗಳದ್ದೇ. ಹಾಗಾದರೆ ಡಬ್ಬಿಯಲ್ಲಿ ಕೆಲಸ ಮಾಡುತ್ತಿರುವುದು ಜೀವಿಯೋ, ಅದು ಬಿಟ್ಟ ರಸವೋ? ಎಣಿಕೆ ಸರಿಯಿದ್ದೂ ರಸ ಕಡಿಮೆ ಇದ್ದರೆ ಆ ಪುಡಿ ಮೊದಲಿನ ಪುಡಿಯೇನಾ? ಸುಮ್ನೆ ತರ್ಕಕ್ಕೆ ಕೇಳುವ ಪ್ರಶ್ನೆಯಲ್ಲ ಇದು. ಬೀಜೋಪಚಾರಕ್ಕೆ ಬಳಸುವ ಸ್ಯೂಡೊಮೊನಾಸ್ ಕ್ಲೋರೊರಾಫಿಸ್ ಎಂಎ342 ತಳಿ ಯುರೋಪಿನಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿತ್ತು. ಮರುಪರಿಶೀಲನೆಗೆ ಬಂದಾಗ, 2017ರಲ್ಲಿ, ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ ಇಎಫ್‌ಎಸ್‌ಎ ಬೊಟ್ಟು ಮಾಡಿದ್ದು ಬ್ಯಾಕ್ಟೀರಿಯಾದ ಕಡೆಗಲ್ಲ, ಅದು ತಯಾರಿಸುವ ಒಂದು ವಸ್ತುವಿನ ಕಡೆಗೆ. ಅದು ಡಿಎನ್‌ಎಗೆ ಹಾನಿ ಮಾಡಬಹುದೇ ಎಂಬ ಪ್ರಶ್ನೆ.

ಈಗ ಇಲಿಗಳ ವಿಷಯ. ಇದು ಹಿತವಾದ ಮಾತಲ್ಲ. ಆದರೆ ಇದನ್ನು ಬಿಟ್ಟು ಪರಿಶೀಲನೆಯ ಬಗ್ಗೆ ಮಾತಾಡಿದರೆ ಅರ್ಧ ಮುಚ್ಚಿಟ್ಟ ಹಾಗೆ.

ರಾಸಾಯನಿಕವಾದರೆ ಎಷ್ಟು ಕೊಟ್ಟರೆ ವಿಷ ಎಂದು ನೋಡುತ್ತಾರೆ. ಜೀವಿಯಾದರೆ ಪ್ರಶ್ನೆ ಬೇರೆ: ಒಳಗೆ ಹೋದ ಮೇಲೆ ಇದು ಸಂಸಾರ ಹೂಡುತ್ತದಾ? ಇಪಿಎ ಮಾರ್ಗಸೂಚಿಯ ಪ್ರಕಾರ ಬಾಯಿಯ ಮೂಲಕ ಒಂದು ಇಲಿಗೆ ಕನಿಷ್ಠ 10 ಕೋಟಿ ಬ್ಯಾಕ್ಟೀರಿಯಾ. ಶ್ವಾಸನಾಳದ ಮೂಲಕವೂ ಅಷ್ಟೇ. ಮೂರನೆಯದು ಇಂಜೆಕ್ಷನ್, ನೇರ ರಕ್ತಕ್ಕೆ, ಕನಿಷ್ಠ ಒಂದು ಕೋಟಿ. ಯಾರೂ ಬೆಳೆಗೆ ಹೊಡೆಯುವ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿಕೊಳ್ಳುವುದಿಲ್ಲ, ನಿಜ. ಆದರೆ ಚರ್ಮ, ಹೊಟ್ಟೆಯ ಆಮ್ಲ ಎಂಬ ಕಾವಲುಗಾರರನ್ನೆಲ್ಲ ಪಕ್ಕಕ್ಕೆ ಸರಿಸಿ, ಬಾಗಿಲು ತೆರೆದಿಟ್ಟರೂ ಇದು ರೋಗ ತರುತ್ತದಾ ಎಂದು ಕೇಳುವ ದಾರಿ ಅದು.

ಆಮೇಲೆ ಮೂರು ವಾರ, ಬೇಕಾದರೆ ಇನ್ನೂ ಜಾಸ್ತಿ ದಿನ, ಕಾಯುತ್ತಾರೆ. ಮಧ್ಯೆ ಮಧ್ಯೆ ಕೆಲವು ಇಲಿಗಳ ಯಕೃತ್ತು, ಗುಲ್ಮ, ಶ್ವಾಸಕೋಶ, ಮೂತ್ರಪಿಂಡ, ಮಿದುಳು, ರಕ್ತ ತೆಗೆದು ಅದೇ ಅಗರ್ ತಟ್ಟೆಯ ಎಣಿಕೆ ಮಾಡುತ್ತಾರೆ. ಆ ಕೋಷ್ಟಕವೇ ಫೈಲಿನ ಹೃದಯ. ಬ್ಯಾಸಿಲಸ್‌ನ ಬೀಜಾಣುಗಳು, ಅಂದರೆ ಚಿಪ್ಪು ಹೊದ್ದು ಮಲಗಿದ ರೂಪಗಳು, ಗಟ್ಟಿ ಜೀವ, ಗುಲ್ಮದಲ್ಲಿ ವಾರಗಟ್ಟಲೆ ಸಿಗುತ್ತವೆ. ಹೊಸಬರು ಅದನ್ನು ನೋಡಿ ಗಾಬರಿಯಾಗುತ್ತಾರೆ. ನಾನೂ ಆಗಿದ್ದೆ. ನೋಡಬೇಕಾದ್ದು ಇದೆಯೋ ಇಲ್ಲವೋ ಎಂದಲ್ಲ, ಅಂಕಿ ಯಾವ ಕಡೆಗೆ ಹೋಗುತ್ತಿದೆ ಎಂದು. ಪ್ರತಿ ವಾರ ಇಳಿಯುತ್ತಿದ್ದರೆ ದೇಹ ಗುಡಿಸಿ ಹಾಕುತ್ತಿದೆ. ಒಂದು ಅಂಗದಲ್ಲಾದರೂ ಏರಿದರೆ, ಅಲ್ಲಿ ಯಾರೋ ಒಲೆ ಹಚ್ಚಿದ್ದಾರೆ.

ಒಂದು ಸೂಕ್ಷ್ಮ ಹೇಳಿಬಿಡುತ್ತೇನೆ. ಶ್ವಾಸನಾಳದ ಪರೀಕ್ಷೆಯಲ್ಲಿ ಕೆಲವೊಮ್ಮೆ ಇಲಿಗಳು ಮಂಕಾಗುತ್ತವೆ, ಉಸಿರಾಟಕ್ಕೆ ಕಷ್ಟಪಡುತ್ತವೆ. ಅದು ಸೋಂಕೇ ಇರಬೇಕೆಂದಿಲ್ಲ. ಅಷ್ಟೊಂದು ಕಸ ಶ್ವಾಸಕೋಶಕ್ಕೆ ಬಿದ್ದರೆ ಯಾರಿಗಾದರೂ ಕಷ್ಟವೇ ಅಲ್ವಾ? ಅದಕ್ಕೇ ಇನ್ನೊಂದು ಗುಂಪಿಗೆ ಕೊಂದ ಬ್ಯಾಕ್ಟೀರಿಯಾವನ್ನು ಅಷ್ಟೇ ಪ್ರಮಾಣದಲ್ಲಿ ಕೊಡುತ್ತಾರೆ. ಅವೂ ಹಾಗೇ ಮಂಕಾದರೆ ತಪ್ಪು ಜೀವಿಯದ್ದಲ್ಲ, ಹೊರೆಯದ್ದು.

ಹಕ್ಕಿ, ಮೀನು, ನೀರುಚಿಗಟ, ಜೇನುಹುಳು ಇವುಗಳ ಮೇಲಿನ ಪರೀಕ್ಷೆಗಳೂ ಇರುತ್ತವೆ. ಆಸಕ್ತಿ ಇರುವವರಿಗೆ ಆಮೇಲೆ ಹೇಳುತ್ತೇನೆ. ನನಗೆ ಜಾಸ್ತಿ ಹೇಳಬೇಕಿರುವುದು ಬ್ಯಾಕ್ಟೀರಿಯಾಗಳ ನಡುವಿನ ಕೊಡುಕೊಳ್ಳುವಿಕೆಯ ಬಗ್ಗೆ.

ಅದಕ್ಕೆ ಕೆ84ರ ಕಥೆ ಬೇಕು. ಗಿಡಗಳ ಬುಡದಲ್ಲಿ ಗಡ್ಡೆಯಂಥ ಗಂಟು ಬರುವ ಕ್ರೌನ್ ಗಾಲ್ ರೋಗ ನಿಮಗೆ ಗೊತ್ತಿರಬಹುದು. ಪೀಚ್, ಬಾದಾಮಿ, ಗುಲಾಬಿ ಸಸಿಗಳಿಗೆ ಜಾಸ್ತಿ. ಒಂದು ಅಗ್ರೊಬ್ಯಾಕ್ಟೀರಿಯಂ ತನ್ನ ಡಿಎನ್‌ಎ ತುಣುಕನ್ನು ಗಿಡದೊಳಗೆ ಸೇರಿಸಿ ಈ ಗಂಟು ಬರಿಸುತ್ತದೆ. ಗಂಟಿನಲ್ಲಿ ಅದಕ್ಕೆ ಮಾತ್ರ ಹಿಡಿಸುವ ವಿಶೇಷ ಊಟ ತಯಾರಾಗುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅಲನ್ ಕೆರ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ಅದೇ ಕುಟುಂಬದ, ಆದರೆ ರೋಗ ತಾರದ ಒಂದು ತಳಿ ಕಂಡುಕೊಂಡರು. ಅದೇ ಕೆ84. ಸಸಿಯ ಬೇರನ್ನು ಇದರ ನೀರಲ್ಲಿ ಅದ್ದಿ ನೆಟ್ಟರೆ ಗಂಟು ಬರುವುದಿಲ್ಲ. ಅದು ಅಗ್ರೊಸಿನ್ 84 ಎಂಬ ವಿಷ ಬಿಡುತ್ತದೆ. ರೋಗಾಣು ಅದನ್ನು ತನ್ನ ವಿಶೇಷ ಊಟ ಎಂದುಕೊಂಡು ಒಳಗೆ ಎಳೆದುಕೊಳ್ಳುತ್ತದೆ, ತಿಂದು ಸಾಯುತ್ತದೆ. ಗಾಳದ ಎರೆ ಇದ್ದ ಹಾಗೆ.

ತೊಂದರೆ ಏನೆಂದರೆ, ವಿಷ ತಯಾರಿಸುವ ಜೀನೂ ಅದರಿಂದ ಪಾರಾಗುವ ಜೀನೂ ಕೆ84ರ ಒಂದೇ ಪ್ಲಾಸ್ಮಿಡ್‌ನಲ್ಲಿವೆ. ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದ ಜೇಬಿನಲ್ಲಿರುವ ಸಣ್ಣ ಡಿಎನ್‌ಎ ಉಂಗುರ. ಬ್ಯಾಕ್ಟೀರಿಯಾಗಳು ಇದನ್ನು ಒಂದಕ್ಕೊಂದು ದಾಟಿಸಿಕೊಳ್ಳುತ್ತವೆ. ಕೆ84 ಆ ಉಂಗುರವನ್ನು ರೋಗಾಣುವಿಗೇ ದಾಟಿಸಿದರೆ? ಔಷಧಿಯೇ ರೋಗಕ್ಕೆ ರಕ್ಷೆ ಕಟ್ಟಿದ ಹಾಗೆ. ಪ್ರಯೋಗಗಳಲ್ಲಿ ಹಾಗೆ ಆಗಿದ್ದೂ ಉಂಟು.

ಕೆರ್ ತಂಡ ಏನು ಮಾಡಿತು ನೋಡಿ. ಆ ಉಂಗುರದಿಂದ, ದಾಟಿಸಲು ಬೇಕಾದ ಭಾಗವನ್ನು, ಸುಮಾರು 5,900 ಡಿಎನ್‌ಎ ಅಕ್ಷರಗಳಷ್ಟನ್ನು, ಕತ್ತರಿಸಿ ತೆಗೆದರು. ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಆ ತಳಿಗೆ ಕೆ1026 ಎಂದು ಹೆಸರಿಟ್ಟರು. ಅದು 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕೆ ಬಂತು. ಬೆಳೆ ರಕ್ಷಣೆಗೆ ಮಾರಾಟವಾದ ಮೊದಲ ಕುಲಾಂತರಿ ಜೀವಿ ಎಂದು ಅದನ್ನು ಹೇಳುತ್ತಾರೆ.

ಇಲ್ಲಿ ನನಗೆ ಯಾವಾಗಲೂ ಒಂದು ಕಿರಿಕಿರಿ. ಜೀನ್ ದಾಟಿಸಬಲ್ಲ ಕೆ84 'ಸಹಜ', ಹಾಗಾಗಿ ಸಾವಯವ ಪ್ರಮಾಣಪತ್ರಕ್ಕೆ ಅಡ್ಡಿಯಿಲ್ಲ. ದಾಟಿಸಲಾಗದ ಕೆ1026 'ಕುಲಾಂತರಿ', ಹಾಗಾಗಿ ಸಾವಯವ ಬೇಲಿಯ ಹೊರಗೆ. ಎರಡರಲ್ಲಿ ಯಾವುದು ಮಣ್ಣಿನಲ್ಲಿ ಕಡಿಮೆ ತಲೆನೋವು ಎಂದು ಕೇಳಿದರೆ ನಾನು ಎರಡನೆಯದನ್ನೇ ತೋರಿಸುತ್ತೇನೆ. ಎಲ್ಲರೂ ಒಪ್ಪಬೇಕೆಂದೇನಿಲ್ಲ.

ಇವತ್ತಿನ ಫೈಲುಗಳಲ್ಲಿ ಇದೇ ಪ್ರಶ್ನೆ ಆಂಟಿಬಯೋಟಿಕ್‌ಗಳ ಬಗ್ಗೆ ಬರುತ್ತದೆ. ತಳಿ ಯಾವ ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ? ಆ ಗುಣ ಅದರ ಹುಟ್ಟುಗುಣವೋ, ಯಾರಿಂದಲೋ ಪಡೆದದ್ದೋ? ಜೀನ್ ಇರುವುದು ಮುಖ್ಯ ವರ್ಣತಂತುವಿನಲ್ಲೋ, ಜೇಬಿನ ಉಂಗುರದಲ್ಲೋ? ಅಕಸ್ಮಾತ್ ಯಾರಿಗಾದರೂ ಸೋಂಕಾದರೆ ವೈದ್ಯರ ಕೈಯಲ್ಲಿ ಕೆಲಸ ಮಾಡುವ ಔಷಧಿ ಇದೆಯಾ? ಉಂಗುರದಲ್ಲಿದೆ ಅಂದ ಕೂಡಲೇ ಪರಿಶೀಲಕರ ಪೆನ್ನು ನಿಲ್ಲುತ್ತದೆ.

ನಿಯಮಗಳ ಬಗ್ಗೆ ಒಂದು ದೂರು ಹೇಳಿ ಮುಗಿಸುತ್ತೇನೆ. ಈ ಪದ್ಧತಿಯನ್ನೆಲ್ಲ ಮೊದಲು ಹೊಲಿದದ್ದು ರಾಸಾಯನಿಕದ ಅಳತೆಗೆ. ಅದೇ ಅಂಗಿಯನ್ನು ಬ್ಯಾಕ್ಟೀರಿಯಾಗೆ ತೊಡಿಸಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಕೊಯ್ದ ಹಣ್ಣಿನ ಮೇಲೆ ಉಳಿಕೆ ಎಷ್ಟು ಮಿಲಿಗ್ರಾಂ ಎಂದು ಕೇಳುವುದು ಬಿಗಿ. ಕೋಟಿಗಟ್ಟಲೆ ಬೇರೆ ಬ್ಯಾಕ್ಟೀರಿಯಾ ಮೊದಲೇ ಇರುವ ಹಣ್ಣು ಅದು. ಹಾಗಾಗಿಯೇ ಅಮೆರಿಕದಲ್ಲಿ ಇಂಥ ಎಷ್ಟೋ ತಳಿಗಳಿಗೆ ಉಳಿಕೆಯ ಮಿತಿಯಿಂದ ವಿನಾಯಿತಿ ಇದೆ. ಜೀನ್ ದಾಟಿಸುವ ಬಗ್ಗೆ ಕೇಳದೇ ಬಿಡುವುದು ಸಡಿಲ. ಯುರೋಪು 2022ರಲ್ಲಿ ಸೂಕ್ಷ್ಮಜೀವಿಗಳಿಗೆಂದೇ ನಾಲ್ಕು ನಿಯಮಗಳನ್ನು ಹೊಸದಾಗಿ ಬರೆಯಿತು. ಆ ವರ್ಷದ ನವೆಂಬರ್ 21ರಿಂದ ಅವು ಜಾರಿಗೆ ಬಂದವು. ಕೇಳುವ ಪ್ರಶ್ನೆಗಳು ಈಗ ಜೀವಿಯ ಸ್ವಭಾವದಿಂದ ಶುರುವಾಗುತ್ತವೆ.

ಇನ್ನೊಂದು ವ್ಯತ್ಯಾಸ ಜನಕ್ಕೆ ಅಚ್ಚರಿ ತರುತ್ತದೆ. ಔಷಧಿ ರೋಗವನ್ನು ನಿಜಕ್ಕೂ ತಡೆಯುತ್ತದಾ ಎಂಬ ಪುರಾವೆಯನ್ನು ಯುರೋಪಿನಲ್ಲಿ ಫೈಲಿನಲ್ಲೇ ಕೊಡಬೇಕು. ಅಮೆರಿಕದಲ್ಲಿ ಬೆಳೆರೋಗದ ಮಟ್ಟಿಗೆ ಸಾಮಾನ್ಯವಾಗಿ ಅದನ್ನು ಸಲ್ಲಿಸಬೇಕಾಗಿಲ್ಲ, ಕಂಪನಿ ತನ್ನ ಬಳಿ ಇಟ್ಟುಕೊಂಡಿದ್ದರಾಯಿತು. 'ನೋಂದಣಿ ಆಗಿದೆ' ಅನ್ನುವುದನ್ನು 'ಕೆಲಸ ಮಾಡುತ್ತದೆ' ಎಂದು ಓದಿಕೊಳ್ಳುವ ಮೊದಲು ಯಾವ ದೇಶದ ನೋಂದಣಿ ಎಂದು ನೋಡಿ.

ಪ್ರಶ್ನೆಗಳಿದ್ದರೆ ಕೇಳಿ.

ಮುಂದಿನ ಸಾಲಿನ ಒಬ್ಬ ಅಮ್ಮ ಕೇಳಿದರು: ಇಷ್ಟು ಸುರಕ್ಷಿತ ಅಂದಮೇಲೆ ಲೇಬಲ್ಲಿನಲ್ಲಿ ಮಾಸ್ಕ್ ಹಾಕಿಕೊಳ್ಳಿ ಅಂತ ಯಾಕೆ ಬರೆದಿದ್ದಾರೆ?

ಒಳ್ಳೆಯ ಪ್ರಶ್ನೆ ಅಮ್ಮಾ. ಸೋಂಕಿಗೆ ಹೆದರಿ ಅಲ್ಲ, ಅಲರ್ಜಿಗೆ. ಯಾವ ಸೂಕ್ಷ್ಮಜೀವಿಯ ಪ್ರೋಟೀನನ್ನೇ ಆಗಲಿ ದಿನಾ ದಿನಾ ಪುಡಿಯಾಗಿ ಉಸಿರಾಡಿದರೆ ಕೆಲವರ ದೇಹಕ್ಕೆ ಆಗಿಬರುವುದಿಲ್ಲ. ಒಂದು ಸಲ ಸಿಂಪಡಿಸುವವರಿಗಿಂತ ದಿನವೂ ಮೂಟೆ ಬಿಚ್ಚಿ ಕಲಸುವವರಿಗೆ ಈ ಅಪಾಯ ಜಾಸ್ತಿ. ಹಾಗಾಗಿ ಎಲ್ಲ ತಳಿಗಳಿಗೂ ಆ ಎಚ್ಚರಿಕೆ ಹಾಕಿಸುತ್ತಾರೆ.

ಇನ್ನೊಬ್ಬರು: ಗಾಳಿಗೆ ಹಾರಿ ಪಕ್ಕದ ಹೊಲಕ್ಕೆ ಹೋದರೆ?

ಹೋಗುತ್ತದೆ. ಎಲೆಯ ಮೇಲೆ ಬಿಸಿಲು, ಒಣಹವೆಗೆ ಸಂಖ್ಯೆ ಬೇಗ ಕುಸಿಯುತ್ತದೆ. ಮಣ್ಣಿಗೆ ಬಿದ್ದ ಬೀಜಾಣುಗಳು ತುಂಬ ದಿನ ಇರುತ್ತವೆ. ಆಗ ಪರಿಶೀಲಕರು ಕೇಳುವುದು, ಸಿಂಪಡಿಸಿದ ಮೇಲಿನ ಸಂಖ್ಯೆ ಮಣ್ಣಲ್ಲಿ ಮೊದಲೇ ಇರುತ್ತಿದ್ದ ಸಂಖ್ಯೆಗೆ ಎಷ್ಟು ದಿನದಲ್ಲಿ ಇಳಿಯುತ್ತದೆ ಎಂದು.

ಕೊನೆಗೆ ಹಿಂದಿನಿಂದ ಒಬ್ಬ ಹುಡುಗ ಎದ್ದು ನಿಂತ. ಬಯೋಟೆಕ್ ಓದುತ್ತಿದ್ದಾನಂತೆ. ಸಾರ್, ತಳಿ ಅದೇ, ಆದರೆ ಕಂಪನಿಯವರು ತೊಟ್ಟಿಗೆ ಹಾಕುವ ಸಕ್ಕರೆ ಬದಲಾಯಿಸಿದರೆ? ಅದನ್ನೂ ನಿಮಗೆ ಹೇಳಬೇಕಾ?

ಹೇಳಬೇಕಪ್ಪಾ. ಊಟ ಬದಲಾದರೆ ಅದು ಬಿಡುವ ರಸ ಬದಲಾಗಬಹುದು, ಬೀಜಾಣು ಕಟ್ಟುವ ಪ್ರಮಾಣ ಬದಲಾಗಬಹುದು. ಹಳೆಯ ಪುಡಿಗೂ ಹೊಸ ಪುಡಿಗೂ ವ್ಯತ್ಯಾಸ ಇಲ್ಲ ಅಂತ ತೋರಿಸಬೇಕು.

"ಅಂದ್ರೆ ಮತ್ತೆ ಐದು ಬ್ಯಾಚ್, ಮತ್ತೆ ತಟ್ಟೆ ಎಣಿಸೋದಾ ಸಾರ್?"

ಹೌದು, ಮತ್ತೆ ತಟ್ಟೆ.